ಹಳೇ ಕಾರಿಗೆ ಎಸಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 1964ರ ಶೆವರ್ಲೆ ಇಂಪಾಲಾ, ಸಾಲಾಗಿ ಆರು ಸಿಲಿಂಡರಿನ 230 (ಘನ ಇಂಚು) ಎಂಜಿನ್. ಏಪ್ರಿಲ್ ಬಂತೆಂದರೆ ಹರಿಹರದವರೆಗೆ ಹೋಗಿ ಬರುವುದೂ ಕಷ್ಟ. ಎಸಿ ಹಾಕಿಸಿದರೆ ಎಂಜಿನ್ ತಡೆದೀತೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಎಂಜಿನ್ ಧಾರಾಳವಾಗಿ ತಡೆಯುತ್ತದೆ. ಕಂಪ್ರೆಸರ್ (ಎಸಿ ಗ್ಯಾಸನ್ನು ಒತ್ತುವ ಪಂಪ್) ಎಳೆಯುವ ನಾಲ್ಕೈದು ಎಚ್‌ಪಿ 3.8 ಲೀಟರ್ ಎಂಜಿನ್‌ಗೆ ದೊಡ್ಡದಲ್ಲ. ಸೋಲುವುದು ರೇಡಿಯೇಟರ್. ಎಸಿ ಗ್ಯಾಸಿನ ಶಾಖ ಹೊರಬಿಡುವ ಕಂಡೆನ್ಸರ್ ಅದರ ಮುಂದೆ ಕೂರುವುದರಿಂದ ರೇಡಿಯೇಟರ್‌ಗೆ ಸಿಗುವ ಗಾಳಿ ಮೊದಲೇ ಬಿಸಿಯಾಗಿರುತ್ತದೆ. ಅದರ ಮೇಲೆ, ನಮ್ಮ ಕಡೆ ಬೋರ್ ನೀರು ಸುರಿದೂ ಸುರಿದೂ ಟ್ಯೂಬುಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಆದ್ದರಿಂದ ಎಸಿ ಸಾಮಾನು ಕೊಳ್ಳುವ ಮೊದಲು ರೇಡಿಯೇಟರ್ ಬಿಚ್ಚಿಸಿ ರಾಡ್ ಹೊಡೆಸಿ (ಟ್ಯೂಬುಗಳೊಳಗೆ ಸರಳು ಹಾಕಿ ಸುಣ್ಣ ತೆಗೆಸಿ), ಆಗದಿದ್ದರೆ ಹೊಸ ಕೋರ್ ಹಾಕಿಸಿ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿ. ಫ್ಯಾನ್ ಸುತ್ತ ತಗಡಿನ ಶ್ರೌಡ್ (ಕವಚ) ಇರಲೇಬೇಕು. ರೆಕ್ಕೆಗಳು ಅರ್ಧ ಅದರೊಳಗೆ, ಅರ್ಧ ಹೊರಗೆ ತಿರುಗಲಿ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದ ಗಾಡಿಗಳೇ ಸಿಗ್ನಲ್‌ನಲ್ಲಿ ಕುದಿಯುವುದು.

ಕಂಪ್ರೆಸರ್‌ಗೆ ಸ್ಯಾಂಡೆನ್ 508 ಸಾಕು. ಎಂಜಿನ್ ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಇರುವ ಪಕ್ಕ ಬೇಡ, ಶಾಖಕ್ಕೆ ಹೋಸ್ ಸುಡುತ್ತದೆ. ಬ್ರಾಕೆಟ್ಟನ್ನು 10 ಮಿ.ಮೀ. ಪ್ಲೇಟಿನಲ್ಲಿ ಮಾಡಿಸಿ ಎಂಜಿನ್‌ಗೇ ಬಿಗಿಯಿರಿ, ಗಾಡಿಯ ಮೈಗೆ ಬೇಡ. ತೆಳು ಪ್ಲೇಟ್ ಅದುರಿ ಬೋಲ್ಟ್ ಮುರಿಯುತ್ತದೆ. ಕ್ರ್ಯಾಂಕ್ ಪುಲ್ಲಿಯಲ್ಲಿ ಎರಡನೇ ಗ್ರೂವ್ ಬೇಕು. ನೇರಪಟ್ಟಿ ಇಟ್ಟು ನೋಡಿದಾಗ ಎರಡೂ ಪುಲ್ಲಿಗಳ ಸಾಲು 1 ಮಿ.ಮೀ.ಗಿಂತ ಹೆಚ್ಚು ತಪ್ಪಿದ್ದರೆ ಬೆಲ್ಟ್ ಹಾರುತ್ತದೆ.

ಮೂಲ ಆಲ್ಟರ್ನೇಟರ್ 37 ಆಂಪಿನದು. ಬ್ಲೋವರ್, ಕಂಡೆನ್ಸರ್ ಫ್ಯಾನ್, ಕಂಪ್ರೆಸರಿನ ವಿದ್ಯುತ್ ಕ್ಲಚ್ ಸೇರಿಯೇ 25–30 ಆಂಪ್ ತಿನ್ನುತ್ತವೆ. ಹೆಡ್‌ಲೈಟ್ ಹಾಕಿದರೆ ಬ್ಯಾಟರಿ ಇಳಿಯುತ್ತದೆ. 60 ಆಂಪಿಗೆ ಮೇಲಿನದು ಹಾಕಿಸಿ, ಫ್ಯಾನ್‌ಗೆ ಪ್ರತ್ಯೇಕ ರಿಲೇ ಕೊಡಿ. ಕಾರ್ಬುರೇಟರ್ ಗಾಡಿಯಾದ್ದರಿಂದ ಕಂಪ್ರೆಸರಿನ ಕ್ಲಚ್ ಹಿಡಿದಾಗ ಐಡ್ಲಿಂಗ್ ಬೀಳುತ್ತದೆ. ಥ್ರಾಟಲ್ ತುಸು ಎತ್ತುವ ಐಡಲ್-ಅಪ್ ಸೊಲೆನಾಯ್ಡ್ ಜೋಡಿಸಿ.

ಪ್ರಶ್ನೆ: ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಎಳೆದರೆ (ಎಸಿ ಕೊಳವೆಗಳ ಗಾಳಿ ತೆಗೆದರೆ) ಗೇಜ್ 27 ಇಂಚು (ಪಾದರಸ) ದಾಟುತ್ತಿಲ್ಲ. ಪುಸ್ತಕದಲ್ಲಿ 29 ಎಂದಿದೆ. ಮೆಕ್ಯಾನಿಕ್ ಲೀಕ್ ಎನ್ನುತ್ತಿದ್ದಾರೆ.
– ಓದುಗರು, ಚಿತ್ರದುರ್ಗ

ಉತ್ತರ: ಏನನ್ನೂ ಬಿಚ್ಚಿಸಬೇಡಿ. 29 ಎನ್ನುವುದು ಸಮುದ್ರಮಟ್ಟದ ಲೆಕ್ಕ. ಚಿತ್ರದುರ್ಗ 700 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡವೇ ಸುಮಾರು 27.4 ಇಂಚು. ಅದನ್ನು ಮೀರಿ ಯಾವ ಪಂಪೂ ಎಳೆಯಲಾರದು. ನಿಮ್ಮ ಪಂಪ್ ಸರಿಯಾಗಿದೆ. ಲೀಕ್ ತಿಳಿಯಲು ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಅರ್ಧ ಗಂಟೆ ನೋಡಿ. ಮುಳ್ಳು ಕದಲದಿದ್ದರೆ ಲೀಕ್ ಇಲ್ಲ. ತೇವ ಹೋಗಲು ಒಟ್ಟು ಒಂದು ಗಂಟೆ ಎಳೆಯಿರಿ. ಡ್ರೈಯರನ್ನು (ತೇವ ಹೀರುವ ಡಬ್ಬಿ) ಕಟ್ಟಕಡೆಗೆ ಜೋಡಿಸಿರಬೇಕು. ಮುಚ್ಚಳ ತೆಗೆದು ರಾತ್ರಿಯಿಡೀ ಬಿಟ್ಟಿದ್ದರೆ ಅದು ತೇವ ಹೀರಿ ಕೆಟ್ಟಿರುತ್ತದೆ, ಹೊಸದು ಹಾಕಿಸಿ. 134ಎ ಗ್ಯಾಸನ್ನು ತೂಕ ಮಾಡಿಯೇ ತುಂಬಿಸಿ. ಡ್ಯಾಶ್ ಕೆಳಗಿನ ಯೂನಿಟ್‌ಗೆ ಸುಮಾರು 800 ಗ್ರಾಂ. ಅಗ್ಗವೆಂದು ಎಲ್‌ಪಿಜಿ ಬೆರೆಸಿದ್ದನ್ನು ಹತ್ತಿರ ಸೇರಿಸಬೇಡಿ, ಕಾರಿನೊಳಗೆ ಸೋರಿದರೆ ಬೆಂಕಿ.

ಪ್ರಶ್ನೆ: 1951ರ ಶೆವರ್ಲೆಗೂ ಹಾಕಿಸಬಹುದೇ? ಎಂಜಿನ್ 216.
– ಓದುಗರು, ದಾವಣಗೆರೆ

ಉತ್ತರ: ಬೇಡ. ಗಾಡಿ 6 ವೋಲ್ಟಿನದು, ಕಂಪ್ರೆಸರ್ ಕ್ಲಚ್ 12 ವೋಲ್ಟಿನದು. ಅದನ್ನು ಬದಲಿಸಬಹುದು. ಆದರೆ ಬ್ಯಾಬಿಟ್ (ಮೆತ್ತನೆಯ ಲೋಹದ) ಬೇರಿಂಗ್‌ನ, ಎಣ್ಣೆ ಚಿಮ್ಮಿಸಿಕೊಂಡು ಓಡುವ ಆ ಎಂಜಿನ್ ಮೇಲೆ ಬಿಸಿಲಲ್ಲಿ ಇನ್ನಷ್ಟು ಭಾರ ಹೇರುವುದು ಸರಿಯಲ್ಲ.