ಉಂಡ ಮನೆಗೆ ಎರಡು ಬಗೆದ ಹಾಗಲ್ವಾ?

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬೆಂಗಳೂರಿನಲ್ಲಿ ಚಿಂದಿ ಆಯುವ ಈ ಅಕ್ಕನಿಗೆ ನಲವತ್ತೈದರ ಆಸುಪಾಸು. ಮೂರು ವಾರದಿಂದ ನಿದ್ದೆ ಇಲ್ಲ, ಎದೆ ಡವಡವ ಅನ್ನುತ್ತೆ ಎಂದು ಆಪ್ತಸಲಹೆಗೆ ನನ್ನ ಬಳಿ ಬಂದರು. ಓಣಿಯ ಹದಿನಾಲ್ಕು ಹೆಂಗಸರು ಸೇರಿ ಸಹಕಾರ ಸಂಘ ಕಟ್ಟಲು ಹೊರಟಿದ್ದರು. ಆಯ್ದ ಮಾಲನ್ನು ಒಟ್ಟಿಗೆ ವಿಂಗಡಿಸಿ ದೊಡ್ಡ ವ್ಯಾಪಾರಿಗೆ ನೇರ ಮಾರುವ ಯೋಚನೆ. ಮುಂದೆ ನಿಲ್ಲಿಸಿದ್ದು ಇವರನ್ನೇ.

"ಓದು ಬರಲ್ಲ ಮೇಡಂ, ಲೆಕ್ಕ ಹೇಗೆ ಇಡಲಿ?" ಅಂದರು. ನಾನೂ ಅದನ್ನೇ ನಂಬಿ ಮೊದಲ ದಿನವೆಲ್ಲ ಧೈರ್ಯ ತುಂಬಿದೆ. ದಂಡ. ಕವರನ್ನು ಬೆರಳಲ್ಲಿ ಉಜ್ಜಿಯೇ ಯಾವ ಪ್ಲಾಸ್ಟಿಕ್ ಎಂದು ಹೇಳುವವರು, ಕಿಲೋ ರೇಟನ್ನು ಬಾಯಲ್ಲೇ ಗುಣಿಸುವವರು ಲೆಕ್ಕಕ್ಕೆ ಹೆದರುತ್ತಾರಾ?

ಎರಡನೇ ಸಲ ಪರ್ಸ್ ತೆಗೆದು ಎರಡು ವಸ್ತು ಮೇಜಿನ ಮೇಲಿಟ್ಟರು. ಒಂದು, ಪಾಲಿಕೆಯ ಗುರುತಿನ ಚೀಟಿ. 2011ರಲ್ಲಿ ಇಲ್ಲಿ ಚಿಂದಿ ಆಯುವವರಿಗೆ ಕೊಡಲು ಶುರುವಾದದ್ದು. ಇನ್ನೊಂದು, ಗುಜರಿ ಅಂಗಡಿಯ ಮುಂಗಡದ ಚೀಟಿ, ಮಡಚಿ ಮಡಚಿ ಹರಿದಿತ್ತು.

"ಮಗಳ ಹೆರಿಗೆಗೆ ನಡುರಾತ್ರಿ ದುಡ್ಡು ಕೊಟ್ಟವರು ಈ ಅಂಗಡಿಯವರು. ಈಗ ಮಾಲು ಬೇರೆ ಕಡೆ ಹಾಕಿದರೆ ಉಂಡ ಮನೆಗೆ ಎರಡು ಬಗೆದ ಹಾಗಲ್ವಾ?"

ಅವರು ಕೆಟ್ಟವರು ಅಂತ ನಾನು ಹೇಳಲಿಲ್ಲ. ಮುಂಗಡ ತೀರುವ ತನಕ ಅವರು ಹೇಳಿದ್ದೇ ತೂಕ, ಹೇಳಿದ್ದೇ ರೇಟು ಅಲ್ವಾ, ಎಷ್ಟು ವರ್ಷದಿಂದ ತೀರಿಸುತ್ತಿದ್ದೀರಿ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದರು. ಆರು.

ನಾನು ಕೊಟ್ಟ ಸಲಹೆ ಇಷ್ಟು. ಬೇರೆಯವರ ಬಾಯಿಂದ ತಿಳಿಯುವ ಮೊದಲು ನೀವೇ ಹೋಗಿ ಹೇಳಿ. ಬಾಕಿ ಎಷ್ಟೆಂದು ಇಬ್ಬರ ಎದುರು ಬರೆಸಿ, ವಾರದ ಕಂತು ಕಟ್ಟಿ. ಉಪಕಾರ ನೆನಪಿರಲಿ, ಆದರೆ ಅದನ್ನು ತಕ್ಕಡಿಗೆ ಹಾಕಬೇಡಿ. ಮೊದಲ ತಿಂಗಳು ರಟ್ಟು ಮಾತ್ರ ಸಂಘಕ್ಕೆ. ತೂಕ ಎಲ್ಲರ ಎದುರೇ ಆಗಲಿ. ದುಡ್ಡು ನಿಮ್ಮೊಬ್ಬರ ಮನೆಯಲ್ಲಿ ಬೇಡ, ಬ್ಯಾಂಕಿನಲ್ಲಿ ಇಬ್ಬರ ಸಹಿಯಲ್ಲಿರಲಿ.

ಪುಣೆಯ ಮಾತೂ ಬಂತು. ಅಲ್ಲಿ ಕಸ ಆಯುವವರು 1993ರಲ್ಲಿ ಕಾರ್ಮಿಕ ಸಂಘಟನೆ ಕಟ್ಟಿದರು. ಅವರದೇ 'ಸ್ವಚ್ಛ್' ಸಹಕಾರ ಸಂಘ ಪಾಲಿಕೆಯ ಜೊತೆ ಮನೆಮನೆಯ ಕಸ ಎತ್ತಲು ಶುರು ಮಾಡಿದ್ದು 2008ರಲ್ಲಿ. "ಹದಿನೈದು ವರ್ಷವಾ? ಹಾಗಾದ್ರೆ ನಮಗೂ ಟೈಮ್ ಇದೆ," ಅಂತ ಮೊದಲ ಸಲ ನಕ್ಕರು.

ಹೋದ ವಾರ ಬಂದಿದ್ದರು. ಬಾಕಿ ಬರೆಸಿದ್ದಾಯಿತು. ಅಂಗಡಿಯವರು ಎರಡು ದಿನ ಮುಖ ತಿರುಗಿಸಿದರಂತೆ. ಮೂರನೇ ದಿನ, "ಕಬ್ಬಿಣನಾದರೂ ನಮಗೇ ಹಾಕಮ್ಮ," ಅಂದರಂತೆ. ನಿದ್ದೆ ಹೇಗಿದೆ ಎಂದೆ.

"ನಾಲ್ಕಕ್ಕೆ ಏಳಬೇಕಲ್ಲ ಮೇಡಂ, ಬರುತ್ತೆ."