ಫಾರ್ಮಿನ 'ಇಂಡಿಯನ್' ಬೇರೆ, ಸಹೋದ್ಯೋಗಿಯ 'ಬ್ಲ್ಯಾಕ್' ಬೇರೆ

ಜೋಹಾನ್ಸ್‌ಬರ್ಗ್‌ಗೆ ಬಂದು ಮೂರು ವಾರವಾಯ್ತು, ಇಲ್ಲೇ ದಕ್ಷಿಣ ಆಫ್ರಿಕಾದ ಡರ್ಬನ್ ಕಡೆಯ ತಮಿಳು ಮೂಲದ ಸಹೋದ್ಯೋಗಿ 'ನಾನು ಬ್ಲ್ಯಾಕ್' ಅಂದರು, ನಾನೂ ಹಾಗನ್ನಬಹುದಾ, ಬ್ಲ್ಯಾಕ್ ಕಾನ್ಷಿಯಸ್‌ನೆಸ್ ಅಂದರೇನು ಅಂತ ಕೇಳಿದ್ದೀರಿ.

ಮೊದಲು ಕಾಗದದ ಕೆಲಸ. ಕೆಲಸಕ್ಕೆ ಸೇರಿದಾಗ ಎಚ್‌ಆರ್‌ನವರು ಇಇಎ1 ಅನ್ನುವ, ನೀವು ಯಾವ ಜನಾಂಗದವರು ಅಂತ ನೀವೇ ತಿಳಿಸುವ ಫಾರ್ಮ್ ಕೊಡುತ್ತಾರೆ. ಅದರಲ್ಲಿ 'ಇಂಡಿಯನ್' ಕಂಡ ಕೂಡಲೇ ಟಿಕ್ ಹಾಕಿಬಿಡಬೇಡಿ. ಅದು ಈ ದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ. ನೀವು 'ಫಾರಿನ್ ನ್ಯಾಷನಲ್', ಅಂದರೆ ವಿದೇಶಿ ಪ್ರಜೆ. ಕಪ್ಪು ಜನರ ಆರ್ಥಿಕ ಸಬಲೀಕರಣದ ಬಿಇಇ ಕಾನೂನಿನ ಪ್ರಕಾರ ಆಫ್ರಿಕನ್ನರು, ಕಲರ್ಡ್ (ಮಿಶ್ರ ಮೂಲದವರು), ಇಂಡಿಯನ್ ಮೂವರೂ 'ಬ್ಲ್ಯಾಕ್'. ಆದರೆ ಹುಟ್ಟಿನಿಂದ ಅಥವಾ ವಂಶದಿಂದ ಪ್ರಜೆಯಾಗಿರಬೇಕು, ಇಲ್ಲವೇ 1994ರ ಏಪ್ರಿಲ್ 27ಕ್ಕೆ ಮೊದಲೇ ಪೌರತ್ವ ಪಡೆದಿರಬೇಕು ಅಥವಾ ಆಗಲೇ ಅದಕ್ಕೆ ಅರ್ಹರಾಗಿರಬೇಕಿತ್ತು. ಮುಂದೆ ನೀವು ಪಾಸ್‌ಪೋರ್ಟ್ ಬದಲಿಸಿದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಸಹೋದ್ಯೋಗಿ ಹೇಳಿದ್ದು ಈ ಕಾನೂನಿಗಿಂತ ಹಳೆಯ ಮಾತು. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಜನರನ್ನು ಬಣ್ಣದ ಮೇಲೆ ವಿಂಗಡಿಸಿತು. ಬಿಳಿಯರಲ್ಲದವರೆಲ್ಲ 'ನಾನ್-ವೈಟ್', ಅಂದರೆ ನೀನು ಏನಲ್ಲ ಅನ್ನುವುದನ್ನಷ್ಟೇ ಹೇಳುವ ಹೆಸರು. ಸ್ಟೀವ್ ಬಿಕೋ ಮೊದಲ ಅಧ್ಯಕ್ಷರಾಗಿದ್ದ ವಿದ್ಯಾರ್ಥಿ ಸಂಘಟನೆ ಸಾಸೋ ಆ ಪದವನ್ನು ಬಿಸಾಕಿ 'ಬ್ಲ್ಯಾಕ್' ಅನ್ನುವುದನ್ನು ಎತ್ತಿಕೊಂಡಿತು. ಕಾನೂನಿನಿಂದಲೋ ರೂಢಿಯಿಂದಲೋ ತುಳಿತಕ್ಕೊಳಗಾಗಿ, ಅದರ ವಿರುದ್ಧ ಒಂದಾಗಿ ನಿಂತವರೆಲ್ಲ ಬ್ಲ್ಯಾಕ್. ನೀವು ಕೇಳಿದ ಬ್ಲ್ಯಾಕ್ ಕಾನ್ಷಿಯಸ್‌ನೆಸ್ ಇದೇ ಅರಿವು, ಇದೇ ಚಳವಳಿ. ಮೈಬಣ್ಣ ಸಾಲದು: ಬಿಳಿಯನಿಗೆ 'ಬಾಸ್' ಅಂತ ಕೈಕಟ್ಟುವವನು, ಆ ಸರ್ಕಾರದ ಪೊಲೀಸಿನಲ್ಲಿರುವವನು ಇನ್ನೂ 'ನಾನ್-ವೈಟ್' ಅಂತಲೇ ಬಿಕೋ ಬರೆದರು. ಸ್ಟ್ರಿನಿ ಮೂಡ್ಲಿ, ಸ್ಯಾತ್ಸ್ ಕೂಪರ್ ಭಾರತೀಯ ಮೂಲದವರು. ಈ ಚಳವಳಿಗಾಗಿಯೇ ರಾಜಕೀಯ ಕೈದಿಗಳನ್ನಿಡುತ್ತಿದ್ದ ರಾಬೆನ್ ಐಲೆಂಡ್ ಜೈಲು ಸೇರಿದವರು.

ಕರ್ನಾಟಕದಿಂದ ಬಂದವರಿಗೆ ಇದು ಅರ್ಥವಾಗದ್ದೇನಲ್ಲ. 'ಹರಿಜನ' ಅನ್ನುವುದು ಮೇಲಿನವರು ಕೊಟ್ಟ ಹೆಸರು, 'ದಲಿತ' ಅನ್ನುವುದು ತಾವೇ ಎತ್ತಿಕೊಂಡದ್ದು. ಇಲ್ಲೂ ಅಷ್ಟೇ. ಆದ್ದರಿಂದ 'ನಾನೂ ಬ್ಲ್ಯಾಕ್' ಅನ್ನಬೇಡಿ; ಆ ಹೋರಾಟದ ಬೆಲೆ ನೀವು ತೆತ್ತಿಲ್ಲ. ಆದರೆ ಇಲ್ಲಿಯವರು ನಿಮ್ಮನ್ನು ಜಾತಿಯ ಬಗ್ಗೆ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. 'ಈಗೆಲ್ಲ ಅದಿಲ್ಲ' ಅಂತ ತೇಲಿಸಿದರೆ ನಂಬಿಕೆ ಅಲ್ಲಿಗೇ ಮುಗಿಯಿತು. ನಿಮ್ಮ ಊರಲ್ಲಿ ಯಾರ ಮನೆಯಲ್ಲಿ ಯಾರಿಗೆ ಬೇರೆ ಲೋಟ ಇತ್ತು ಅಂತ ಇದ್ದದ್ದು ಇದ್ದಂತೆ ಹೇಳಿ. ಗಾಂಧಿಯನ್ನು ಗುರಾಣಿ ಮಾಡಿಕೊಳ್ಳುವುದೂ ಬೇಡ. ಅವರ ಆರಂಭದ ಬರಹಗಳಲ್ಲಿ ಆಫ್ರಿಕನ್ನರನ್ನು ಕೀಳಾಗಿ ಕಂಡ ಮಾತುಗಳಿವೆ, ಇಲ್ಲಿಯವರು ಅದನ್ನು ಓದಿದ್ದಾರೆ.

ನಮ್ಮವರು ಎಡವುವುದು ಹೆಚ್ಚಾಗಿ ಭಾಷೆಯಲ್ಲಿ. 'ಕರಿಯರು' ಅಂತ ಕನ್ನಡದಲ್ಲೇ ಅಂದುಕೊಂಡರೆ ಗೊತ್ತಾಗಲ್ಲ ಅನ್ನುವುದು ಭ್ರಮೆ, ದನಿಯೇ ಹೇಳಿಬಿಡುತ್ತದೆ. ಮನೆಗೆಲಸದವರನ್ನು 'ಗರ್ಲ್', ತೋಟದವರನ್ನು 'ಬಾಯ್' ಅನ್ನುವುದು ಅಪಾರ್ತೀಡ್, ಅಂದರೆ ವರ್ಣಭೇದ ಆಡಳಿತದ ಕಾಲದ ಚಾಳಿ. ಹೆಸರು ಕರೆಯಿರಿ, ಹಿರಿಯರಾದರೆ ಹೆಂಗಸರಿಗೆ 'ಮಾಮಾ' (ಅಮ್ಮ), ಗಂಡಸರಿಗೆ 'ಬಾಬಾ' (ಅಪ್ಪ) ಸಾಕು. ತಿಂಗಳಿಗೆ 24 ಗಂಟೆಗಿಂತ ಹೆಚ್ಚು ಕೆಲಸ ಮಾಡುವವರಿಗೆ ಯುಐಎಫ್ (ನಿರುದ್ಯೋಗ ವಿಮೆ ನಿಧಿ) ನೋಂದಣಿ ಕಡ್ಡಾಯ: ಅವರ ಸಂಬಳದಿಂದ ಶೇ. 1, ನಿಮ್ಮ ಕೈಯಿಂದ ಶೇ. 1. ಗೌರವ ಅಂದರೆ ಇದೂ ಸೇರಿ. ಅಂಗಡಿಯಲ್ಲಾಗಲಿ ಗೇಟಿನಲ್ಲಾಗಲಿ ಮೊದಲು ನಮಸ್ಕಾರದಂತೆ 'ಸಾವುಬೋನಾ' ಅಥವಾ 'ದುಮೇಲಾ', ಆಮೇಲೆ ಕೆಲಸದ ಮಾತು.

ನೋಡಲು ಅಪಾರ್ತೀಡ್ ಮ್ಯೂಸಿಯಂನಿಂದ ಶುರು ಮಾಡಿ, ಮೂರು ಗಂಟೆ ಇಟ್ಟುಕೊಳ್ಳಿ. ಟಿಕೆಟ್ಟೇ ನಿಮ್ಮನ್ನು 'ವೈಟ್' ಅಥವಾ 'ನಾನ್-ವೈಟ್' ಬಾಗಿಲಿಗೆ ಕಳಿಸುತ್ತದೆ. ಗಂಡ ಹೆಂಡತಿಗೆ ಬೇರೆ ಬೇರೆ ಬಾಗಿಲು ಬಂದರೂ ಟಿಕೆಟ್ ಬದಲಿಸಿಕೊಳ್ಳಬೇಡಿ. ಇನ್ನೊಂದು ದಿನ ಸೊವೆಟೊದ ಆರ್ಲಾಂಡೊ ವೆಸ್ಟ್‌ನಲ್ಲಿರುವ ಹೆಕ್ಟರ್ ಪೀಟರ್ಸನ್ ಸ್ಮಾರಕ. 1976ರ ಜೂನ್ 16ರಂದು ಆಫ್ರಿಕಾನ್ಸ್ ಹೇರಿಕೆ ವಿರೋಧಿಸಿದ ಶಾಲಾಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಅಲ್ಲಿಯೇ ಹತ್ತಿರ; ಅಂದು ಸತ್ತ ಹುಡುಗ ಈ ಹೆಕ್ಟರ್.

ರಜೆ ಸಿಕ್ಕರೆ ಬಿಕೋ ಊರು. ಈಸ್ಟರ್ನ್ ಕೇಪ್ ಪ್ರಾಂತ್ಯದ ಈಸ್ಟ್ ಲಂಡನ್‌ಗೆ ವಿಮಾನ, ಅಲ್ಲಿಂದ ಕಾರು. ಪೊಲೀಸರ ಹೊಡೆತದಿಂದ 1977ರ ಸೆಪ್ಟೆಂಬರ್ 12ರಂದು ಸತ್ತಾಗ ಅವರಿಗೆ 30 ವರ್ಷ. ಗಿನ್ಸ್‌ಬರ್ಗ್‌ನಲ್ಲಿ ಅವರ ಹೆಸರಿನ ಕೇಂದ್ರವಿದೆ. ಗಿನ್ಸ್‌ಬರ್ಗ್ ಸೇರಿರುವ ಪಟ್ಟಣವನ್ನು ನಕ್ಷೆಯಲ್ಲಿ ಕಿಂಗ್ ವಿಲಿಯಮ್ಸ್ ಟೌನ್ ಅಂತ ಹುಡುಕಬೇಡಿ, 2021ರಿಂದ ಅದು ಕೋನ್ಸೆ (Qonce). ಬರೆದಷ್ಟು ಸುಲಭವಲ್ಲ: ಇಂಗ್ಲಿಷಿನ 'ಕ್ಯೂ' ಇರುವಲ್ಲಿ ನಾಲಿಗೆ ಅಂಗುಳಿಗೆ ಒತ್ತಿ 'ಟೊಕ್' ಅನ್ನಿಸಬೇಕು, 'ಸಿ' ಇರುವಲ್ಲಿ ನಾವು ಲೊಚಗುಟ್ಟುವ ಸದ್ದು. ತಪ್ಪಿದರೆ ನಗುತ್ತಾರೆ, ತಿದ್ದುತ್ತಾರೆ.