ಮೊದಲು ಬಂದ ಫ್ಯಾಂಟಮ್ ಯಾವುದು?

ಪ್ರಶ್ನೆ: ಸರ್, ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ದ ಹಾಡುಗಳೆಲ್ಲ ನನಗೆ ಬಾಯಿಪಾಠ. ಮೊನ್ನೆ ಅದೇ ಹೆಸರಿನ ಇನ್ನೊಂದು ಸಂಗೀತ ನಾಟಕ ಕಣ್ಣಿಗೆ ಬಿತ್ತು. ಬರೆದವರು ಕೆನ್ ಹಿಲ್ ಅಂತೆ. ಹೆಸರಾದ ನಾಟಕವನ್ನು ಹೀಗೆ ನಕಲು ಮಾಡಬಹುದಾ?
- ಕಾಲೇಜು ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ಲೆಕ್ಕ ಉಲ್ಟಾ ಇದೆಯಮ್ಮಾ. ಹಿಲ್ ತಮ್ಮ ನಾಟಕವನ್ನು ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಆಡಿಸಿದ್ದು 1976ರಲ್ಲಿ. ನಿಮಗೆ ಬಾಯಿಪಾಠವಾದ ಆಂಡ್ರ್ಯೂ ಲಾಯ್ಡ್ ವೆಬರ್ ಅವರದು ಲಂಡನ್ನಿನಲ್ಲಿ ಶುರುವಾದದ್ದು 1986ರಲ್ಲಿ. ನಡುವೆ 1984ರಲ್ಲಿ ಹಿಲ್ ಹಾಡುಗಳನ್ನೆಲ್ಲ ಬದಲಾಯಿಸಿ ನಾಟಕವನ್ನು ಮತ್ತೆ ಕಟ್ಟಿದರು. ಲಂಡನ್ನಿನ ಸ್ಟ್ರಾಟ್‌ಫರ್ಡ್ ಈಸ್ಟ್‌ನಲ್ಲಿ ವೆಬರ್ ಅದನ್ನು ನೋಡಿದರು. ಅದನ್ನೇ ದೊಡ್ಡ ರಂಗಮಂದಿರಕ್ಕೆ ತರುವ ಮಾತೂ ನಡೆಯಿತು. ಆಮೇಲೆ ವೆಬರ್ ತಾವೇ ಬೇರೆ ಬರೆದರು. ಕಳ್ಳತನ ಅನ್ನಲು ಬರುವುದಿಲ್ಲ. ಇಬ್ಬರಿಗೂ ಕಥೆ ಸಿಕ್ಕಿದ್ದು ಗ್ಯಾಸ್ಟನ್ ಲೆರೂ ಅವರ ಫ್ರೆಂಚ್ ಕಾದಂಬರಿಯಿಂದ. ಅದು ಪುಸ್ತಕವಾಗಿ ಬಂದದ್ದು 1910ರಲ್ಲಿ. ಪ್ಯಾರಿಸ್ಸಿನ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಂದಿರದಲ್ಲಿ ಭೂತದಂತೆ ಅಡಗಿರುವ ‘ಫ್ಯಾಂಟಮ್’ ಗಾಯಕಿ ಕ್ರಿಸ್ಟೀನ್‌ಗೆ ಮನಸೋಲುವ ಕಥೆ.

ನಾನು ಹಾರ್ಮೋನಿಯಂ ಬಾರಿಸುವವನು. ಹಿಲ್ ನನಗೆ ಹಿಡಿಸುವುದು ಹಾಡಿನ ಕಾರಣಕ್ಕೆ. 1984ರ ನಾಟಕಕ್ಕೆ ಅವರು ಹೊಸ ಟ್ಯೂನ್ ಹಾಕಿಸಲೇ ಇಲ್ಲ. ಗೂನೋ, ವೆರ್ಡಿ, ಮೊಜಾರ್ಟ್, ಡ್ವೊರಾಕ್ ಇಂಥ ಯುರೋಪಿನ ಹಳೇ ಸಂಗೀತಗಾರರ ಒಪೆರಾ ಹಾಡುಗಳ ಧಾಟಿ ಹಾಗೇ ಇಟ್ಟುಕೊಂಡು ಮಾತು ಮಾತ್ರ ತಾವು ಬರೆದರು. ನಮ್ಮ ಕಂಪನಿ ನಾಟಕದವರು ಮಾಡುತ್ತಿದ್ದುದೂ ಇದನ್ನೇ ಅಲ್ವಾ? ಧಾಟಿ ಮರಾಠಿಯದು, ಮಾತು ಕನ್ನಡದ್ದು. ಹಾಡಿನ ಪುಸ್ತಕದಲ್ಲಿ ‘ಇಂಥ ಹಾಡಿನ ಮಟ್ಟು’ ಅಂತ ಮೇಲೆಯೇ ಅಚ್ಚು ಹಾಕುತ್ತಿದ್ದರು. ಮುಚ್ಚುಮರೆ ಇರಲಿಲ್ಲ.

ಕಥೆಗೂ ಅದು ಚೆನ್ನಾಗಿ ಒಗ್ಗುತ್ತದೆ. ಕಾದಂಬರಿಯಲ್ಲಿ ಕ್ರಿಸ್ಟೀನ್ ಹಾಡುವುದು ಗೂನೋನ ‘ಫೌಸ್ಟ್’. ಹಿಲ್ ನಾಟಕದಲ್ಲಿ ಆ ಸಂಗೀತವೇ ಕಿವಿಗೆ ಬೀಳುತ್ತದೆ. ವೆಬರ್ ‘ಹ್ಯಾನಿಬಲ್’, ‘ಇಲ್ ಮುಟೊ’ ಅಂತ ಇಲ್ಲದ ಒಪೆರಾಗಳನ್ನು ಹುಟ್ಟಿಸಿದರು. ಕಾದಂಬರಿಯಲ್ಲಿ ಮುಖ್ಯನಾದ ‘ಪರ್ಷಿಯದವನು’ ಎಂಬ ಪಾತ್ರವನ್ನು ಕೈಬಿಟ್ಟರು. ಹಿಲ್ ಅವನನ್ನು ಉಳಿಸಿಕೊಂಡರು. ಜೊತೆಗೆ ನಗುವೂ ಜಾಸ್ತಿ. ವೆಬರ್ ಫ್ಯಾಂಟಮ್ ಬರೀ ಕಣ್ಣೀರು ಹಾಕಿಸುತ್ತಾನೆ!

ಹಾಗಂತ ವೆಬರ್ ಗೆದ್ದದ್ದು ಸುಮ್ನೆ ಅಲ್ಲ. ಒಮ್ಮೆ ಕೇಳಿದರೆ ಸಾಕು, ಆ ಟ್ಯೂನ್ ತಲೆಯಿಂದ ಹೋಗುವುದಿಲ್ಲ. ಪ್ರೇಕ್ಷಕರ ತಲೆಯ ಮೇಲೆ ತೂಗುವ ಆ ದೀಪದ ಗೊಂಚಲು ಬೇರೆ. ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇಯಲ್ಲೇ 1988ರಿಂದ 2023ರವರೆಗೆ 13,981 ಪ್ರದರ್ಶನ ಆಯಿತು. ಹಿಲ್ ನಾಟಕ ಲಂಡನ್ನಿನ ಶಾಫ್ಟ್ಸ್‌ಬರಿ ಥಿಯೇಟರ್‌ಗೆ ಬಂದದ್ದು 1991ರ ಕೊನೆಗೆ. ಅಷ್ಟರಲ್ಲಿ ಊರಿಗೆಲ್ಲ ಫ್ಯಾಂಟಮ್ ಅಂದರೆ ವೆಬರ್ ಎಂದಾಗಿತ್ತು. ಮರುವರ್ಷವೇ ಹಿಲ್ ನಾಟಕ ನಿಂತಿತು. 1995ರಲ್ಲಿ ಹಿಲ್ ತೀರಿಕೊಂಡರು. ಜಪಾನಿನವರು ಮಾತ್ರ ಆ ನಾಟಕವನ್ನು ಮತ್ತೆ ಮತ್ತೆ ಕರೆಸಿಕೊಂಡರು.

ಪ್ರಶ್ನೆ: ಕೊಡವ ಭಾಷೆಯಲ್ಲಿ ಹಳೇ ನಾಟಕ ಯಾವುದಾದರೂ ಇದೆಯಾ ಸರ್?
- ಓದುಗರು, ನಾಪೋಕ್ಲು

ಉತ್ತರ: ನಿಮ್ಮ ಪಕ್ಕದಲ್ಲೇ ಇದೆ! ಕಿರುಂದಾಡಿನ ಹರದಾಸ ಅಪ್ಪಚ್ಚ ಕವಿ ‘ಯಯಾತಿ ರಾಜಂಡ ನಾಟಕ’ ಬರೆದದ್ದು 1906ರಲ್ಲಿ. ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಕಥೆಗಳನ್ನೂ ನಾಟಕ ಮಾಡಿದ್ದಾರೆ. ಕಾವೇರಿಯಿಂದ ಓದಲು ಶುರುಮಾಡಿ.